ಮನೆಯ ಯಂತ್ರಗಳು: ಹಳೆಯ ಕಾರ್ಡನ್ನು ಕೊಟ್ಟುಬಿಡುವುದಕ್ಕೆ ಮುಂಚೆ

ಕುರುಬರಹಳ್ಳಿಯ ಗೃಹಸ್ಥರೊಬ್ಬರು ಬರೆದ ಕಾಗದವು ಈ ತಿಂಗಳ ಅಂಕಣಕ್ಕೆ ವಿಷಯವನ್ನು ಒದಗಿಸಿದೆ. ಸಂಗತಿ ಇಷ್ಟು. ಅವರ ಮನೆಯ ಕಂಪ್ಯೂಟರಿನ ಮದರ್‌ಬೋರ್ಡು ಕೆಟ್ಟುಹೋಯಿತು. ಹಳೆಯ ಜಾತಿಯ ಬೋರ್ಡು ದೊರೆಯದೆ, ಅಂಗಡಿಯವರ ಸಲಹೆಯಂತೆ ಬೋರ್ಡು, ರೈಜನ್ 5 7600 ಪ್ರೊಸೆಸರು, ಡಿಡಿಆರ್5 ಮೆಮೊರಿ ಈ ಮೂರನ್ನೂ ಹೊಸದಾಗಿ ಕೊಂಡರು. ಜಿಟಿಎಕ್ಸ್ 1660 ಸೂಪರ್ ಎಂಬ ಗ್ರಾಫಿಕ್ಸ್ ಕಾರ್ಡು ಮಾತ್ರ ಹಳೆಯದು. ಹಿರಿಯ ಮಗನು ತನ್ನ ಮೊದಲನೆಯ ಸಂಬಳದಲ್ಲಿ ತಮ್ಮನಿಗೆ ಕೊಡಿಸಿದ್ದು. ಯಂತ್ರವು ಮನೆಗೆ ಬಂದ ಮೇಲೆ ಉಳಿದ ಕೆಲಸಗಳೆಲ್ಲ ಚುರುಕಾದುವು. ಆದರೆ ಕಿರಿಯನ ಆಟಗಳು ಮೊದಲಿಗಿಂತಲೂ ಹದಗೆಟ್ಟು, ಚಿತ್ರವು ತಡೆತಡೆದು ಕುಂಟುತ್ತಿದೆ. ಕಾರ್ಡಿನ ಆಯುಸ್ಸು ತೀರಿತು, ಅದನ್ನು ನಮಗೆ ಕೊಟ್ಟು ಹೊಸದನ್ನು ಕೊಳ್ಳಿರೆಂದು ಅಂಗಡಿಯವರು ಹೇಳುತ್ತಾರೆ. ಹುಡುಗನೇ ಹಗಲಿರುಳು ಆಡಿ ಅದನ್ನು ಕೆಡಿಸಿದನೆಂದು ಮನೆಯಲ್ಲಿ ಮಾತು ಬೆಳೆದು, ಅಣ್ಣತಮ್ಮಂದಿರು ಒಬ್ಬರೊಡನೊಬ್ಬರು ಮಾತನಾಡುತ್ತಿಲ್ಲವಂತೆ. ಕಾರ್ಡನ್ನು ಕೊಟ್ಟುಬಿಡಬಹುದೇ ಎಂಬುದು ತಂದೆಯವರ ಪ್ರಶ್ನೆ.

ಈಗಲೇ ಕೊಡಬಾರದು. ಕಾರ್ಡು ಕೆಡುವಾಗ ಸಾಮಾನ್ಯವಾಗಿ ಬೇರೆ ಲಕ್ಷಣಗಳನ್ನು ತೋರಿಸುತ್ತದೆ: ತೆರೆಯ ಮೇಲೆ ಬಣ್ಣದ ಚುಕ್ಕೆಗಳೂ ಗೆರೆಗಳೂ ಮೂಡುವುದು, ಆಟದ ನಡುವೆ ತೆರೆ ಕಪ್ಪಾಗುವುದು, ಯಂತ್ರವೇ ಸ್ತಬ್ಧವಾಗುವುದು. ಪತ್ರದಲ್ಲಿ ಇವೊಂದರ ಸುಳಿವೂ ಇಲ್ಲ. ಬೋರ್ಡು ಕೆಡುವ ಹಿಂದಿನ ದಿನದವರೆಗೆ ಸರಿಯಾಗಿದ್ದ ಕಾರ್ಡು, ಬೋರ್ಡನ್ನು ಬದಲಾಯಿಸಿದ ದಿನವೇ ಮಂದವಾಯಿತೆಂದರೆ, ಸಂಶಯವು ಮೊದಲು ಬದಲಾದ ವಸ್ತುಗಳ ಮೇಲೂ ಜೋಡಣೆಯ ಮೇಲೂ ಹೋಗತಕ್ಕದ್ದು. ಬದಲಾಗದ ವಸ್ತುವಿನ ಮೇಲಲ್ಲ.

ವಾಚಕರು ಪೆಟ್ಟಿಗೆಯ ಹಿಂಭಾಗವನ್ನು ಒಮ್ಮೆ ನೋಡಲಿ. ಮಾನಿಟರಿನ ತಂತಿಯನ್ನು ಸಿಕ್ಕಿಸಲು ಅಲ್ಲಿ ಎರಡು ಎಡೆಗಳುಂಟು. ಕೀಲಿಮಣೆ, ಮೌಸು ಮೊದಲಾದುವುಗಳ ರಂಧ್ರಗಳ ಜೊತೆಯಲ್ಲಿರುವುದು ಮದರ್‌ಬೋರ್ಡಿನದು. ಅದಕ್ಕಿಂತ ಕೆಳಗೆ ಅಡ್ಡಲಾಗಿ ಸಾಲುಗೊಂಡಿರುವುದು ಗ್ರಾಫಿಕ್ಸ್ ಕಾರ್ಡಿನದು. ತಂತಿಯು ಕಾರ್ಡಿನಲ್ಲಿಯೇ ಇರಬೇಕು. ಇಷ್ಟು ಸಣ್ಣ ವಿಷಯವನ್ನು ತಿಳಿದವರು ತಪ್ಪುವರೇ ಎಂದು ಕೇಳಬಹುದು. ತಪ್ಪುವುದು ಸುಲಭವಾದುದಕ್ಕೆ ಕಾರಣವಿದೆ. ಹಿಂದಿನ ರೈಜನ್ ಪ್ರೊಸೆಸರುಗಳಲ್ಲಿ, ಹೆಸರಿನ ಕೊನೆಗೆ ‘ಜಿ’ ಅಕ್ಷರವಿದ್ದವುಗಳನ್ನು ಬಿಟ್ಟರೆ, ಮಿಕ್ಕ ಬಹುಪಾಲಿಗೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲ. ತಂತಿಯನ್ನು ಬೋರ್ಡಿಗೆ ಸಿಕ್ಕಿಸಿದರೆ ತೆರೆ ಕತ್ತಲೆಯಾಗಿಯೇ ಉಳಿದು, ತಪ್ಪು ಆ ಕ್ಷಣವೇ ಹೊರಬೀಳುತ್ತಿತ್ತು. 2022ರಲ್ಲಿ ಬಂದ 7000ದ ಶ್ರೇಣಿಯಿಂದೀಚೆಗೆ ಪ್ರೊಸೆಸರಿನ ಒಳಗೇ ಒಂದು ಚಿಕ್ಕ ಚಿತ್ರಘಟಕವನ್ನು ಇರಿಸಿದ್ದಾರೆ. ಪತ್ರ ಬರೆಯಲು, ಚಲನಚಿತ್ರ ನೋಡಲು ಅದು ಧಾರಾಳವಾಗಿ ಸಾಕು. ಆಟದ ಭಾರವನ್ನು ಹೊರಲಾರದು. ಆದುದರಿಂದ ಈಗ ತಂತಿಯನ್ನು ತಪ್ಪಾಗಿ ಸಿಕ್ಕಿಸಿದರೂ ತೆರೆಯ ಮೇಲೆ ಅಚ್ಚುಕಟ್ಟಾದ ಚಿತ್ರ ಮೂಡುತ್ತದೆ, ಎಲ್ಲರೂ ಸಮಾಧಾನಪಡುತ್ತಾರೆ, ಕಾರ್ಡು ಮಾತ್ರ ಒಳಗೆ ಕೆಲಸವಿಲ್ಲದೆ ಕುಳಿತಿರುತ್ತದೆ! ಅನುಕೂಲಕ್ಕೆಂದು ಮಾಡಿದ ಸುಧಾರಣೆಯೇ ತಪ್ಪನ್ನು ಮುಚ್ಚಿಡುವ ತೆರೆಯಾಯಿತೆಂದು ನನ್ನ ಅಭಿಪ್ರಾಯ.

ಇದಕ್ಕೆ ಪರೀಕ್ಷೆಯೂ ಸುಲಭ. ಆಟ ನಡೆಯುತ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸಿನ ಟಾಸ್ಕ್ ಮ್ಯಾನೇಜರು ತೆರೆದುಕೊಳ್ಳುವುದು. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ರೇಡಿಯಾನ್, ಜೀಫೋರ್ಸ್ ಎಂಬ ಎರಡು ಹೆಸರುಗಳು ಕಾಣಬೇಕು. ರೇಡಿಯಾನಿನ ಗೆರೆ ಮೇಲೇರಿ ಜೀಫೋರ್ಸಿನದು ನೆಲಕಚ್ಚಿದ್ದರೆ ರೋಗ ತಿಳಿದಂತಾಯಿತು. ಜೀಫೋರ್ಸ್ ಎಂಬ ಹೆಸರೇ ಕಾಣದಿದ್ದರೆ, ಕಾರ್ಡು ತನ್ನ ಗಾಡಿಯಲ್ಲಿ ಸರಿಯಾಗಿ ಕುಳಿತಿಲ್ಲ, ಇಲ್ಲವೆ ಅದರ ಡ್ರೈವರನ್ನು ಹಾಕಿಲ್ಲ. ಬೋರ್ಡು ಬದಲಾದ ಮೇಲೆ ಹಳೆಯ ಡ್ರೈವರನ್ನು ತೆಗೆದು, ತಯಾರಕರ ಸ್ಥಳದಿಂದಲೇ ಹೊಸದನ್ನು ಪಡೆದು ಹಾಕುವುದು ಉತ್ತಮ.

ತಂತಿಯು ಸರಿಯಾದ ಎಡೆಯಲ್ಲಿಯೇ ಇದ್ದರೆ ಮೆಮೊರಿಯನ್ನು ನೋಡತಕ್ಕದ್ದು. ಎರಡು ಪಟ್ಟಿಗಳಿದ್ದರೆ ಅವುಗಳನ್ನು ಪಕ್ಕಪಕ್ಕದಲ್ಲಿ ಹಾಕಬಾರದು. ನಾಲ್ಕು ಗಾಡಿಗಳ ಬೋರ್ಡಿನಲ್ಲಿ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು ಸಾಮಾನ್ಯವಾದ ಕ್ರಮ. ಹೀಗಿದ್ದರೆ ಎರಡು ದಾರಿಗಳಲ್ಲಿ ಏಕಕಾಲಕ್ಕೆ ಸಾಗಾಟ ನಡೆಯುತ್ತದೆ. ಹಣ ಉಳಿಸಲು ಒಂದೇ ಪಟ್ಟಿಯನ್ನು ಕೊಂಡಿದ್ದರೆ ದಾರಿಯ ಅಗಲವು ಅರ್ಧಕ್ಕಿಳಿಯುವುದು. ಮತ್ತೊಂದು ಮಾತು: ಪಟ್ಟಿಯ ಮೇಲೆ 6000 ಎಂದು ಮುದ್ರಿಸಿದ್ದರೂ ಅದು ತಾನಾಗಿ ಆ ವೇಗದಲ್ಲಿ ಓಡುವುದಿಲ್ಲ, 4800 ಮುಂತಾದ ತಗ್ಗಿನ ವೇಗದಲ್ಲಿ ನಡೆಯುತ್ತಿರುತ್ತದೆ. ಬಯಾಸ್ ಒಳಗೆ ಹೋಗಿ ಎಕ್ಸ್‌ಪೋ ಎಂಬುದನ್ನು ಚಾಲನೆಗೆ ತರಬೇಕು. ಹಾಗೆ ಮಾಡಿದ ಮೊದಲ ಸಲ ತೆರೆಯು ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಯಂತ್ರವು ಮೆಮೊರಿಯನ್ನು ಹೊಂದಿಸಿಕೊಳ್ಳುತ್ತಿದೆಯೆಂದು ತಿಳಿದು ಕಾಯಬೇಕು. ಗಾಬರಿಯಿಂದ ಸ್ವಿಚ್ಚನ್ನು ಆರಿಸಬಾರದು.

ಕೆಲವು ಬೋರ್ಡುಗಳಲ್ಲಿ ಉದ್ದನೆಯ ಗಾಡಿಗಳು ಎರಡಿರುತ್ತವೆ. ನೋಟಕ್ಕೆ ಎರಡೂ ಒಂದೇ. ಆದರೆ ಕೆಳಗಿನದರಲ್ಲಿ ಹದಿನಾರು ದಾರಿಗಳ ಬದಲು ನಾಲ್ಕೇ ಇರುವುದುಂಟು. ಕಾರ್ಡು ಮೇಲಿನದರಲ್ಲಿರಲಿ. ಉಚಿತವಾಗಿ ದೊರೆಯುವ ಜಿಪಿಯು-ಜೆಡ್ ಎಂಬ ತಂತ್ರಾಂಶವು ಎಷ್ಟು ದಾರಿಗಳು ತೆರೆದಿವೆಯೆಂಬುದನ್ನು ತೋರಿಸುತ್ತದೆ. ಮಾನಿಟರು 144 ಹರ್ಟ್ಸಿನದಾದರೆ, ವಿಂಡೋಸನ್ನು ಹೊಸದಾಗಿ ಹಾಕಿದಾಗ ಅದು 60ಕ್ಕೆ ಇಳಿದಿದೆಯೇ ಎಂದು ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ನೋಡಿಬಿಡಿ.

ಶಾಖದ ವಿಚಾರವನ್ನು ಅಲಕ್ಷ್ಯಮಾಡಲಾಗದು. 2024ರ ಏಪ್ರಿಲಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಬಿಸಿಲು 38 ಡಿಗ್ರಿಯನ್ನು ದಾಟಿತ್ತು. ಪ್ರೊಸೆಸರಿನ ಮೇಲೆ ಕೂಡಿಸುವ ತಂಪುಕಾರಿಯ ಅಡಿಯಲ್ಲಿ ಒಂದು ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿರುವುದುಂಟು. ಅವಸರದಲ್ಲಿ ಅದನ್ನು ಕೀಳದೆಯೇ ಜೋಡಿಸಿದವರಿದ್ದಾರೆ. ಆಗ ಶಾಖವು ಹೊರಬೀಳದೆ ಪ್ರೊಸೆಸರು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆಟವು ಮೊದಲ ಹತ್ತು ನಿಮಿಷ ಸರಿಯಾಗಿ ನಡೆದು ಅನಂತರ ಕುಂಟಿದರೆ ಈ ಸಂಶಯವು ಬಲವಾಗುವುದು.

ಒಂದೊಂದೇ ಮಾರ್ಪಾಟನ್ನು ಮಾಡಿ, ಪ್ರತಿಯೊಂದರ ಅನಂತರ ಅದೇ ಆಟದ ಅದೇ ದೃಶ್ಯವನ್ನು ನಡೆಸಿ, ಕ್ಷಣಕ್ಕೆ ಎಷ್ಟು ಚೌಕಟ್ಟುಗಳು ಬಂದುವೆಂಬುದನ್ನು ಕಾಗದದ ಮೇಲೆ ಬರೆದಿಡಬೇಕು. ಪೆಟ್ಟಿಗೆಯನ್ನು ತೆರೆಯುವ ಮುನ್ನ ಗೋಡೆಯ ಸ್ವಿಚ್ಚನ್ನು ಆರಿಸಿ ತಂತಿಯನ್ನು ಕಿತ್ತಿಡಬೇಕು. ಈ ಕೆಲಸವನ್ನು ಕಿರಿಯ ಮಗನಿಂದಲೇ, ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿಸಿರೆಂದು ತಂದೆಯವರಿಗೆ ನನ್ನ ಸೂಚನೆ. ಲೆಕ್ಕವನ್ನು ಅಣ್ಣನು ಬರೆಯಲಿ.

ಇಷ್ಟಾದರೂ ಗುಣ ಕಾಣದಿದ್ದರೆ ಕಾರ್ಡನ್ನೊಂದನ್ನೇ ಬಟ್ಟೆಯಲ್ಲಲ್ಲದೆ ಅದರ ಮೂಲ ಚೀಲದಲ್ಲಿಟ್ಟು, ಮಹಾಲಕ್ಷ್ಮಿ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ ಕೃಷ್ಣರಾಜ ಮಾರುಕಟ್ಟೆಯಲ್ಲಿ ಇಳಿಯಿರಿ. ಅಲ್ಲಿಂದ ಸಾದರ ಪತ್ರಪ್ಪ ರಸ್ತೆಗೆ ನಡೆದೇ ಹೋಗಬಹುದು. ಬೇರೊಂದು ಅಂಗಡಿಯಲ್ಲಿ ಬೇರೊಂದು ಯಂತ್ರಕ್ಕೆ ಹಾಕಿಸಿ ಕಣ್ಣೆದುರಿನಲ್ಲಿ ಪರೀಕ್ಷೆ ಮಾಡಿಸಿ. ಅಲ್ಲಿ ಅದು ಚೆನ್ನಾಗಿ ನಡೆದರೆ, ಮೊದಲಿನ ಅಂಗಡಿಯವರಿಗೆ ಬಿಲ್ಲನ್ನು ತೋರಿಸಿ ಜೋಡಣೆಯನ್ನು ಸರಿಪಡಿಸಿಕೊಡಲು ಕೇಳುವ ಹಕ್ಕು ನಿಮಗಿದೆ. ಅವರು ಒಪ್ಪದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಫಲವೇನಾಯಿತೆಂಬುದನ್ನು ನಾಲ್ಕು ಸಾಲು ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲು ಅನುಕೂಲವಾದೀತು.