ಹೊಸ ಊರಿನ ಅಂಗಡಿಯಲ್ಲಿ



ಮೇ-ಜೂನ್ ಬಂತೆಂದರೆ ವರ್ಗಾವಣೆಯ ಕಾಲ. ಯಜಮಾನರ ಕೈಗೆ ಆರ್ಡರು ಬಂದ ದಿನವೇ ಮನೆಯಾಕೆಗೆ ಹತ್ತು ಚಿಂತೆ. ಹಾಸನದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ಅವರಿಗೆ ಬೆಳಗಾವಿಗೆ ವರ್ಗವಾಗಿದೆ. ಅಲ್ಲಿ ಅಂಗಡಿಯವರು ಮರಾಠಿ ಬಿಟ್ಟರೆ ಮಾತಾಡುವುದಿಲ್ಲವಂತೆ, ಕನ್ನಡ ಆಡಿದರೂ ಗದರಿಸಿದ ಹಾಗಿರುತ್ತದಂತೆ. ಸಾಮಾನು ತರುವುದು ಹೇಗೆಂದು ಅವರ ಅಳಲು.

ಹೆದರಬೇಡ್ರಿ. ನಾನು ಬೈಲಹೊಂಗಲದ ಕಡೆಯವಳು, ಪೀರನವಾಡಿಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷ ದಾಟಿತು. ನಮ್ಮ ಊರು ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿದೆ. ಉದ್ಯಮಬಾಗದ ಕಾರ್ಖಾನೆಗಳು ಪಕ್ಕದಲ್ಲೇ. ಹಾಗಾಗಿ ಎಲ್ಲೆಲ್ಲಿಂದಲೋ ಸಂಸಾರಗಳು ಬಂದು ಇಳಿಯುತ್ತವೆ. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ಎಲ್ಲಾ ಕಿವಿಗೆ ಬೀಳುತ್ತವೆ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಅಂದಮೇಲೆ ಪೇಟೆಯ ಮಾತಿನಲ್ಲಿ ಮರಾಠಿ ಇರುವುದು ಸೋಜಿಗವೇನೂ ಅಲ್ಲ.

ನಮ್ಮ ಪಕ್ಕದ ಮನೆಗೆ ಚಾಮರಾಜನಗರದ ಕಡೆಯ ಹುಡುಗಿಯೊಬ್ಬಳು ಮದುವೆಯಾಗಿ ಬಂದಳು. ಮೊದಲ ದಿನ ಕಿರಾಣಿ ಅಂಗಡಿಗೆ ಹೋಗಿ ಐನೂರರ ನೋಟು ಕೊಟ್ಟಿದ್ದಾಳೆ. ಅಂಗಡಿಯಾತ "ಸುಟ್ಟೆ? ಸುಟ್ಟೆ?" ಎಂದು ಕೇಳಿದನಂತೆ. ಏನು ಸುಟ್ಟನೋ, ಯಾಕೆ ಸುಟ್ಟನೋ ಎಂದು ಇವಳು ಗಾಬರಿ! ಮರಾಠಿಯಲ್ಲಿ ಸುಟ್ಟೆ ಎಂದರೆ ಚಿಲ್ಲರೆ. ಮರುದಿನ ತರಕಾರಿಯವನು "ತಾಈ" ಎಂದು ಕರೆದ. ಇಪ್ಪತ್ನಾಲ್ಕು ವರ್ಷದವಳನ್ನು ತಾಯಿ ಎನ್ನುತ್ತಾನಲ್ಲ ಎಂದು ಸಿಟ್ಟು ಬಂತು. ಅವರಲ್ಲಿ ತಾಈ ಎಂದರೆ ಅಕ್ಕ. ಪಾಪ, ಅವನು ಮರ್ಯಾದೆ ಕೊಟ್ಟಿದ್ದ.

ಇಷ್ಟಕ್ಕೇ ನಕ್ಕು ಮರೆಯಬಹುದಿತ್ತು. ಆದರೆ ಆ ಹುಡುಗಿ ಮೂರು ತಿಂಗಳು ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಪ್ರತಿಯೊಂದಕ್ಕೂ ಗಂಡ ಕೆಲಸದಿಂದ ಬರುವುದನ್ನು ಕಾಯಬೇಕು. ಒಗ್ಗರಣೆಗೆ ಸಾಸಿವೆ ಮುಗಿದರೂ ಅವನಿಗೇ ಹೇಳಬೇಕು. ಹೆಣ್ಣುಮಕ್ಕಳಿಗಷ್ಟೇ ಬೇಕಾದ ಸಾಮಾನು ಹೇಳಿ ತರಿಸಲು ನಾಚಿಕೆ. ಒಮ್ಮೆ ಮೈ ಸುಡುವ ಜ್ವರ ಬಂದಾಗ, ಹತ್ತು ಹೆಜ್ಜೆಯ ಮೇಲೆ ಔಷಧದ ಅಂಗಡಿ ಇದ್ದರೂ ಸಂಜೆಯ ತನಕ ಮಲಗಿಯೇ ಇದ್ದಳು. ನೋಡ್ರಿ, ಭಾಷೆ ಬಾರದಿದ್ದರೆ ಹೆಣ್ಣಿನ ಕೈಯಿಂದ ಮೊದಲು ಜಾರುವುದು ಚೀಲ, ಆಮೇಲೆ ದುಡ್ಡು. ಮನೆಖರ್ಚಿನ ಲೆಕ್ಕವೂ ಗಂಡನ ಕೈಗೇ ಹೋಯಿತು!

ಮೊದಲು ಕನ್ನಡದ ಮಾತನ್ನೇ ಹೇಳುತ್ತೇನೆ. ದಕ್ಷಿಣದ ಸೋದರಿಯರಿಗೆ ಇಲ್ಲಿ ನಮ್ಮ ಕನ್ನಡವೂ ಹೊಸದೇ. ಈರುಳ್ಳಿ ಇಲ್ಲಿ ಉಳ್ಳಾಗಡ್ಡಿ, ಆಲೂಗಡ್ಡೆ ಬಟಾಟಿ, ಕಡಲೆಕಾಯಿ ಶೇಂಗಾ, ಹುರಿಗಡಲೆ ಪುಟಾಣಿ, ಮೊಟ್ಟೆ ತತ್ತಿ. ದುಬಾರಿ ಎನ್ನಬೇಡಿ, "ಭಾಳ ತುಟ್ಟಿ ಆತ್ರಿ" ಎನ್ನಿ, ಅಗ್ಗವಾದರೆ "ಸೋವಿ". "ಏನ್ ಬೇಕ್ರಿ?" ಎಂದು ಎತ್ತರದ ದನಿಯಲ್ಲಿ ಕೇಳಿದರೆ ಅದು ಗದರಿಕೆಯಲ್ಲ. ಕೊನೆಯ ಆ "ರಿ" ಇದೆಯಲ್ಲ, ಮರ್ಯಾದೆಯೆಲ್ಲಾ ಅದರೊಳಗೇ ಇದೆ.

ಇನ್ನು ಮರಾಠಿ. ಪದಾರ್ಥಗಳ ಹೆಸರು ಅಷ್ಟೇನೂ ಕಷ್ಟವಲ್ಲ. ತುಪ್ಪ ತೂಪ್, ಸಕ್ಕರೆ ಸಾಖರ್, ಕೊಬ್ಬರಿ ಖೋಬರೆ, ಕೇಳಿದರೇ ಗೊತ್ತಾಗುತ್ತದೆ. ಎಚ್ಚರ ಬೇಕಾದದ್ದು ಮೀಠ್ ಎಂಬಲ್ಲಿ. ಮಿಠಾಯಿಯ ನೆನಪಾಗಿ ಸಿಹಿ ಎಂದುಕೊಂಡೀರಿ, ಅದು ಉಪ್ಪು! ಗೂಳ್ ಎಂದರೆ ಬೆಲ್ಲ, ಲೋಣಿ ಎಂದರೆ ಬೆಣ್ಣೆ, ಮೋಹರಿ ಎಂದರೆ ಸಾಸಿವೆ.

ಕಷ್ಟವಿರುವುದು ಲೆಕ್ಕದಲ್ಲಿ, ದುಡ್ಡು ಹೋಗುವುದೂ ಅಲ್ಲಿಯೇ. ಹಳೆ ಮೈಸೂರಿನವರಿಗೆ ಪಾವು ಎಂದರೆ ಅಕ್ಕಿ ಅಳೆಯುವ ಪಾವು. ಇಲ್ಲಿ ಪಾವ್ ಕಿಲೋ ಎಂದರೆ ಕಾಲು ಕಿಲೋ, 250 ಗ್ರಾಂ. ಪಾವುಣ ಎಂದರೆ ಮುಕ್ಕಾಲು, ದೀಡ್ ಎಂದರೆ ಒಂದೂವರೆ, ಅಡೀಚ್ ಎಂದರೆ ಎರಡೂವರೆ. ಹಾಗಾಗಿ ದೀಡ್‌ಶೇ 150 ರೂಪಾಯಿ, ಅಡೀಚ್‌ಶೇ 250. ವೀಸ್ 20, ಪನ್ನಾಸ್ 50, ಶಂಭರ್ 100. ಇದನ್ನು ಕತ್ತರಿಸಿ ಅಡಿಗೆಮನೆಯ ಕಪಾಟಿನ ಬಾಗಿಲ ಒಳಗೆ ಅಂಟಿಸಿಕೊಳ್ಳಿರಿ. ರವಿವಾರ ಪೇಟೆಗೋ ಗಣಪತ ಗಲ್ಲಿಗೋ ಹೋಗುವ ಮುನ್ನ ಎರಡು ಸಲ ಬಾಯಲ್ಲಿ ಹೇಳಿಕೊಂಡರೆ ಸಾಕು. ಆಟೋದವನು ಖೂಟ ಎಂದರೆ ರಸ್ತೆಗಳು ಕೂಡುವ ಜಾಗ, ವೇಸ್ ಎಂದರೆ ಊರಬಾಗಿಲು ಎಂಬುದೂ ತಿಳಿದಿರಲಿ.

ಆದರೆ ಕನ್ನಡ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಎಲ್ಲಿ ಹೋದರೂ ಮೊದಲ ಮಾತು ಕನ್ನಡದಲ್ಲೇ ಇರಲಿ, ನಗುಮುಖದಿಂದ ಇರಲಿ. ಹೆಚ್ಚಿನ ಅಂಗಡಿಕಾರರಿಗೆ ವ್ಯಾಪಾರಕ್ಕೆ ಬೇಕಾದಷ್ಟು ಕನ್ನಡ ಬರುತ್ತದೆ. ಅಂಗಡಿಯ ಮಾತು ಬೇರೆ, ಕಚೇರಿಯ ಮಾತು ಬೇರೆ ಎಂಬುದು ನನ್ನ ಅಭಿಪ್ರಾಯ. ಅಂಗಡಿಯಲ್ಲಿ ಹೊಂದಾಣಿಕೆ; ಬ್ಯಾಂಕಿನಲ್ಲಿ ಕೇಳಿ ಪಡೆಯಬೇಕು. ಖಾತೆ ತೆರೆಯುವ ಅರ್ಜಿ, ಹಣ ಕಟ್ಟುವ ಚೀಟಿ, ಪಾಸ್‌ಬುಕ್ ಇವೆಲ್ಲ ಇಂಗ್ಲಿಷ್, ಹಿಂದಿಯ ಜೊತೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. "ಕನ್ನಡದ ಫಾರಂ ಕೊಡ್ರಿ" ಎನ್ನಲು ಸಂಕೋಚ ಬೇಡ.

ಜಗಳ ಆಗುವುದಿಲ್ಲವೇ ಎಂದರೆ, ಆಗುತ್ತದೆ. 2020ರ ಆಗಸ್ಟಿನಲ್ಲಿ ಸಂಗೊಳ್ಳಿ ರಾಯಣ್ಣನ ಮೂರ್ತಿಯ ವಿಷಯವಾಗಿ ನಮ್ಮ ಪೀರನವಾಡಿಯ ಹೆಸರೇ ಪೇಪರಿಗೆ ಬಂದಿತ್ತು. 2025ರ ಫೆಬ್ರವರಿಯಲ್ಲಿ ಬೆಳಗಾವಿ ಹತ್ತಿರ ಬಸ್ಸಿನಲ್ಲಿ ಟಿಕೀಟಿನ ಮಾತು ಭಾಷೆಯ ಜಗಳವಾಗಿ, ಕಂಡಕ್ಟರರ ಮೇಲೆ ಕೈಮಾಡಿದರು. ಎರಡು ರಾಜ್ಯಗಳ ನಡುವಿನ ಬಸ್ಸುಗಳೇ ನಿಂತವು. ಆಗೆಲ್ಲ ಕೈಯಲ್ಲಿ ಚೀಲ ಹಿಡಿದು ದಾರಿಯಲ್ಲಿ ನಿಲ್ಲುವವರು ನಮ್ಮಂಥವರೇ.

ಪಕ್ಕದ ಮನೆಯ ಹುಡುಗಿಯ ವಿಷಯ ಅರ್ಧಕ್ಕೇ ಬಿಟ್ಟೆ. ಅವಳಿಗೆ ಮಾತು ಕಲಿಸಿದ್ದು ನಾನಲ್ಲ, ಎದುರು ಮನೆಯ ಮರಾಠಿ ಅಜ್ಜಿ. ಅಜ್ಜಿಗೆ ಕನ್ನಡ ಓದಲು ಬರುವುದಿಲ್ಲ. ರೇಷನ್ನಿನ ಕಾಗದ, ಪಿಂಚಣಿಯ ಕಾಗದ ಯಾವುದು ಬಂದರೂ ಮಡಿಲಲ್ಲಿಟ್ಟುಕೊಂಡು ಓದುವವರಿಗಾಗಿ ಕಾಯುತ್ತಿದ್ದಳು. ಈಗ ಈ ಹುಡುಗಿ ಓದಿ ಹೇಳುತ್ತಾಳೆ, ಅಜ್ಜಿ ಅವಳನ್ನು ಕರೆದುಕೊಂಡು ಕಾಯಿಪಲ್ಯದ ಗಾಡಿಗೆ ಹೋಗುತ್ತಾಳೆ. ಮೊನ್ನೆ "ದೀಡ್‌ಶೇ ಯಾಕ್ರಿ, ಶಂಭರಕ್ಕ ಕೊಡ್ರಿ" ಎಂದು ಅರ್ಧ ಮರಾಠಿ, ಅರ್ಧ ಧಾರವಾಡ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದಳು. ಕಿವಿಗೆ ವಿಚಿತ್ರವಾಗಿತ್ತು, ಆದರೆ ದರವಂತೂ ಇಳಿಯಿತು.

ಮಗಳ ಬಾಣಂತನಕ್ಕೆ ಜರ್ಮನಿಗೆ ಹೊರಟಿರುವ ಗದಗಿನ ಸೋದರಿಗೆ ನಾಲ್ಕು ಮಾತು. ಅಲ್ಲಿ ಭಾನುವಾರ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ಶನಿವಾರವೇ ತಂದಿಟ್ಟುಕೊಳ್ಳಿರಿ. ದುಡ್ಡು ಕಟ್ಟುವ ಕಡೆ ಸಾಮಾನನ್ನು ನೀವೇ ಚೀಲಕ್ಕೆ ತುಂಬಿಕೊಳ್ಳಬೇಕು, ಅದೂ ಬೇಗ ಬೇಗ. ಅವರದು ಒರಟುತನವಲ್ಲ, ಪದ್ಧತಿ. ಇಪ್ಪತ್ತೈದನ್ನು ಅವರು "ಐದು ಮತ್ತು ಇಪ್ಪತ್ತು" ಎಂದು ತಿರುಗಿಸಿ ಹೇಳುತ್ತಾರೆ. ಗಂಟೆ ಹೇಳುವಾಗ "ಅರ್ಧ ಮೂರು" ಎಂದರೆ ಎರಡೂವರೆ, ಮೂರೂವರೆ ಅಲ್ಲ. ಡಾಕ್ಟರ ಹತ್ತಿರ ಹೋಗುವ ದಿನ ನೆನಪಿರಲಿ. ಹಾಂ, ಹಾಲಿನ ಪದಾರ್ಥ ಅಲ್ಲಿಗೆ ಒಯ್ಯಲು ಬಿಡುವುದಿಲ್ಲ. ಬೆಳಗಾವಿ ಕುಂದಾ, ಮನೆಯ ತುಪ್ಪ ಎರಡನ್ನೂ ಇಲ್ಲೇ ಬಿಡಿ. ಶೇಂಗಾ ಚಟ್ನಿಪುಡಿಯನ್ನು ಚೆನ್ನಾಗಿ ಆರಿಸಿ, ಎರಡು ಪದರು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಯ್ಯಿರಿ.