‘ಸ್ವೆಲ್ಟ್’ ಪದಕ್ಕೆ ತೂಕದ ಹಂಗೇಕೆ?

ಇಂಗ್ಲಿಷ್ ಪತ್ರಿಕೆಗಳ ಫ್ಯಾಷನ್ ಪುಟದಲ್ಲಿ ‘ಸ್ವೆಲ್ಟ್’ ಎಂಬ ಪದ ಕಂಡರೆ, ಪಕ್ಕದಲ್ಲಿ ತೂಕ ಇಳಿಸಿಕೊಂಡ ತಾರೆಯ ಫೋಟೊ ಇರುವುದು ಮಾಮೂಲು. ತೆಳ್ಳಗಿರಬೇಕು, ನೀಳವಾಗಿರಬೇಕು, ನೋಡಲು ಚೆಂದವೂ ಇರಬೇಕು. ಅಂಥ ಮೈಕಟ್ಟಿಗೆ ಈ ವಿಶೇಷಣ.

ಅದರ ಹುಟ್ಟು ಬೇರೆ ಕಡೆ. ಲ್ಯಾಟಿನ್ನಿನ ‘ವೆಲ್ಲೆರೆ’ ಎಂದರೆ ಕೀಳುವುದು, ಹಿರಿಯುವುದು. ಅದರಿಂದ ಬಂದ ಇಟಾಲಿಯನ್ನಿನ ‘ಸ್ವೆಲ್ಲೆರೆ’ ಎಂದರೆ ಬೇರುಸಹಿತ ಕಿತ್ತು ತೆಗೆಯುವುದು. ಹಾಗೆ ಕಿತ್ತದ್ದು ‘ಸ್ವೆಲ್ತೊ’. ಮುಂದೆ ಅದರ ಅರ್ಥ ಹೊರಳಿತು; ಇಂದಿಗೂ ಇಟಲಿಯಲ್ಲಿ ‘ಸ್ವೆಲ್ತೊ’ ಎಂದರೆ ಮೊದಲು ಹೊಳೆಯುವುದು ಚುರುಕು, ಚಟುವಟಿಕೆ. ಫ್ರೆಂಚರು ಅದನ್ನು ಚಿತ್ರ-ಶಿಲ್ಪಗಳ ಮಾತಿಗೆ ಬಳಸಿಕೊಂಡರು. ಇಂಗ್ಲಿಷಿಗೆ ಅದು ಬಂದದ್ದು 19ನೇ ಶತಮಾನದ ಆರಂಭದಲ್ಲಿ.

ಕಲಾವಿದರ ಕಣ್ಣಿಗೆ ನೀಳತನ ಎಂದರೇನು ಎಂದು ತಿಳಿಯಲು ಇಟಲಿಯ ಚಿತ್ರಕಾರ ಪಾರ್ಮಿಜನೀನೊ 1534ರಲ್ಲಿ ಬಿಡಿಸಲು ಒಪ್ಪಿಕೊಂಡ ‘ನೀಳ ಕೊರಳಿನ ಮಡೋನಾ’ ಚಿತ್ರವನ್ನು ನೋಡಬೇಕು. ಅದು ಫ್ಲಾರೆನ್ಸಿನ ಉಫಿಜಿ ಕಲಾ ಗ್ಯಾಲರಿಯಲ್ಲಿದೆ. ಹಂಸದ ಕೊರಳಿನಂಥ ಕತ್ತು, ಎದೆಯ ಮೇಲಿಟ್ಟ ಉದ್ದುದ್ದ ಬೆರಳುಗಳು, ಹಿಂದೆ ಎತ್ತರದ ಕಂಬ. ಆದರೆ ಆಕೆಯ ಸೊಂಟ, ತೊಡೆ ತುಂಬಿಕೊಂಡಿವೆ. ಇಂದಿನ ರ‍್ಯಾಂಪಿನ ಅಳತೆಗೆ ಆಕೆ ಒಗ್ಗುವವಳೇ ಅಲ್ಲ!

ಆ ಅಳತೆಯ ಅಪಾಯ ಕಂಡೇ ಫ್ರಾನ್ಸ್ 2017ರಲ್ಲಿ ಮಾಡೆಲ್‌ಗಳಿಗೆ ವೈದ್ಯರ ಪ್ರಮಾಣಪತ್ರ ಕಡ್ಡಾಯ ಮಾಡಿತು. ಮೈ ತೆಳ್ಳಗೆ ಕಾಣುವಂತೆ ತಿದ್ದಿದ ಜಾಹೀರಾತು ಫೋಟೊಗೆ ಹಾಗೆಂದು ಬರೆಯಲೇಬೇಕು ಎಂದಿತು. ಪತ್ರಿಕೆಗಳೂ ಇಷ್ಟಾದರೂ ಮಾಡಬಹುದು: ತೂಕ ಇಳಿದಿದ್ದರೆ ಇಳಿದಿದೆ ಎಂದಷ್ಟೇ ಬರೆದು, ‘ಸ್ವೆಲ್ಟ್’ ಅನ್ನು ನರ್ತಕಿಯ ನಡೆಗೆ, ಓಟಗಾರನ ಹೆಜ್ಜೆಗೆ ಮೀಸಲಿಡುವುದು.