ಸ್ವರಲಿಪಿಯ ತಂತ್ರಾಂಶ: ಬೆಲೆಗೆ ಮೊದಲು ಪರವಾನಗಿ

ಕೀಬೋರ್ಡ್, ವಯೊಲಿನ್ ಕಲಿಯುವ ಮಕ್ಕಳಿಗಾಗಿ ಪಾಶ್ಚಾತ್ಯ ಸ್ವರಲಿಪಿಯನ್ನು ಗಣಕದಲ್ಲಿ ಬರೆದು ಮುದ್ರಿಸುವ ತಂತ್ರಾಂಶವನ್ನು ಆರಿಸುವಾಗ ಪೋಷಕರು ಮೊದಲು ಕೇಳುವುದು ಬೆಲೆಯನ್ನು. ಅದಕ್ಕೂ ಮೊದಲು ನೋಡಬೇಕಾದುದು ಪರವಾನಗಿಯನ್ನು.

1988ರಲ್ಲಿ ಹೊರಬಂದ ‘ಫಿನಾಲೆ’ಯ ಅಭಿವೃದ್ಧಿಯನ್ನೂ ಮಾರಾಟವನ್ನೂ ನಿಲ್ಲಿಸುವುದಾಗಿ ಅದರ ತಯಾರಕರು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದರು. ಹಣ ತೆತ್ತವರು ಪಡೆದಿದ್ದುದು ಬಳಕೆಯ ಅನುಮತಿಯನ್ನೇ ಹೊರತು ತಂತ್ರಾಂಶದ ಒಡೆತನವನ್ನಲ್ಲ. ವರ್ಷಗಟ್ಟಲೆ ಬರೆದಿಟ್ಟ ರಚನೆಗಳನ್ನು, ಇತರ ತಂತ್ರಾಂಶಗಳೂ ಓದಬಲ್ಲ ‘ಮ್ಯೂಸಿಕ್‌ಎಕ್ಸ್‌ಎಂಎಲ್’ ರೂಪಕ್ಕೆ ಬದಲಿಸಿಕೊಳ್ಳುವ ಹೊರೆ ಅವರ ಮೇಲೆಯೇ ಬಿತ್ತು.

‘ಮ್ಯೂಸ್‌ಸ್ಕೋರ್ ಸ್ಟುಡಿಯೊ’ ಮತ್ತು ‘ಲಿಲಿಪಾಂಡ್’ ಎರಡೂ ಉಚಿತ, ಮುಕ್ತ ಪರವಾನಗಿಯವು. ಮೊದಲನೆಯದರಲ್ಲಿ ಸ್ವರಗಳನ್ನು ಪರದೆಯ ಮೇಲಿಟ್ಟು ಒಡನೆಯೇ ಕೇಳಬಹುದು. ಮಕ್ಕಳಿಗೆ ಇದೇ ಸುಲಭ. ಎರಡನೆಯದರಲ್ಲಿ ಸ್ವರಗಳನ್ನು ಅಕ್ಷರಗಳಾಗಿ ಬೆರಳಚ್ಚಿಸಬೇಕು. ಶ್ರಮ ಹೆಚ್ಚು, ಮುದ್ರಣ ಬಹು ಅಂದ. ಹಾಡಿನ ಸಾಹಿತ್ಯವನ್ನು ಎರಡರಲ್ಲಿಯೂ ಯೂನಿಕೋಡ್ ಕನ್ನಡದಲ್ಲಿಯೇ ಬರೆಯಬಹುದು.

ಶಾಲೆಯ ಪ್ರಾರ್ಥನೆಗೆ ಶಿಕ್ಷಕರು ಕಟ್ಟಿದ ಧಾಟಿ ಮುಂದಿನ ಮಕ್ಕಳಿಗೂ ಉಳಿಯಬೇಕಾದರೆ, ಅದರ ಒಂದು ಪ್ರತಿ ಮುಕ್ತ ರೂಪದ ಕಡತದಲ್ಲಿರಲಿ, ಮತ್ತೊಂದು ಕಾಗದದ ಮೇಲಿರಲಿ. ರಚನೆಯ ಹಕ್ಕು ಕಾನೂನಿನಲ್ಲಿ ಯಾರದೇ ಆಗಿದ್ದರೂ, ಕಡತವೇ ತೆರೆಯದಿದ್ದರೆ ಅದನ್ನು ಹಾಡುವವರಿಗೆ ಏನೂ ದೊರೆಯದು.